ಸೊಪ್ಪು ತೊಳೆದರೆ ಸೀಸ ಹೋಗುತ್ತದೆಯೇ?

ಪ್ರಶ್ನೆ: ನಾವು ಕೆಂಗೇರಿ ಉಪನಗರದಲ್ಲಿದ್ದೇವೆ. ಬೆಳಿಗ್ಗೆ ತಳ್ಳುಗಾಡಿಯಲ್ಲಿ ಬರುವ ಸೊಪ್ಪಿನವರ ಬಳಿಯೇ ಹದಿನೈದು ವರ್ಷಗಳಿಂದ ದಂಟು, ಪಾಲಕ್, ಕೊತ್ತಂಬರಿ ಕೊಳ್ಳುತ್ತಿದ್ದೇನೆ. ಮೊನ್ನೆ ಎಲ್ಲಿಂದ ತರುತ್ತೀರಿ ಎಂದು ಕೇಳಿದರೆ "ಬಿಡದಿ ಕಡೆಯದು, ಹೊಳೆ ನೀರಿನ ತೋಟ" ಎಂದರು. ಹೊಳೆ ಎಂದರೆ ವೃಷಭಾವತಿ! ಅಂದಿನಿಂದ ಉಪ್ಪು, ಅರಿಶಿನ, ವಿನೆಗರ್ ಎಲ್ಲ ಹಾಕಿ ಸೊಪ್ಪನ್ನು ಅರ್ಧ ಗಂಟೆ ನೆನೆಸುತ್ತಿದ್ದೇನೆ. ನಮ್ಮ ಯಜಮಾನರು ಟಿಡಿಎಸ್ ಮೀಟರ್ ತಂದು ತೊಳೆದ ನೀರನ್ನೂ ನಮ್ಮ ಬೋರ್‌ವೆಲ್ ನೀರನ್ನೂ ಅಳೆದು "ಏನೂ ಇಲ್ಲ, ಸುಮ್ಮನೆ ಗಾಬರಿ" ಎನ್ನುತ್ತಾರೆ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ತೊಳೆದರೆ ಸೀಸ, ಕ್ಯಾಡ್ಮಿಯಂ ಹೋಗುತ್ತವೆಯೇ? ಸೊಪ್ಪು ತಿನ್ನುವುದನ್ನೇ ಬಿಡಬೇಕೇ?

ಉತ್ತರ: ಸೀಸ ಸಾಕಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಹೋಗುವುದಿಲ್ಲ. ಅರಿಶಿನಕ್ಕೂ ಉಪ್ಪಿಗೂ ಇದರಲ್ಲಿ ಪಾತ್ರವಿಲ್ಲ; ಅವನ್ನು ಸಾರಿಗೆ ಉಳಿಸಿಕೊಳ್ಳಿ. ಸೊಪ್ಪು ಬಿಡಬೇಡಿ. ಟಿಡಿಎಸ್ ಮೀಟರಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ನಿಮ್ಮ ಯಜಮಾನರು ಅಲ್ಲಿಯವರೆಗೆ ಗೆದ್ದೆನೆಂದು ಬೀಗದಿರಲಿ.

ಒಂದು ಹೋಗಿ ಇನ್ನೊಂದು ಏಕೆ ಹೋಗುವುದಿಲ್ಲ ಎಂಬುದರಲ್ಲೇ ನಿಮ್ಮ ಪ್ರಶ್ನೆಯ ತಿರುಳಿದೆ. ಭಾರಲೋಹ ಎಂಬ ಒಂದೇ ಹೆಸರಿನಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕ್ಕಲ್ ಎಲ್ಲವನ್ನೂ ಕರೆಯುತ್ತೇವೆ. ಲೋಹವೇ ಅಲ್ಲದ ಆರ್ಸೆನಿಕ್ ಕೂಡ ಆ ಪಟ್ಟಿಯಲ್ಲಿ ನುಸುಳಿದೆ. ಇದು ಮನೆಗೆ ಬಂದವರನ್ನೆಲ್ಲ ನೆಂಟರು ಎಂದ ಹಾಗೆ. ಕೆಲವರು ಊಟ ಮಾಡಿ ಹೊರಡುತ್ತಾರೆ, ಕೆಲವರು ಠಿಕಾಣಿ ಹೂಡುತ್ತಾರೆ, ಒಬ್ಬೊಬ್ಬರ ಸ್ವಭಾವ ಒಂದೊಂದು. ಎಲ್ಲಕ್ಕೂ ಸಾಮಾನ್ಯವಾದ ಗುಣ ಒಂದೇ: ಇವು ನಾಶವಾಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ. ಕೀಟನಾಶಕ ಬಿಸಿಲಿಗೆ, ಕಾಲಕ್ಕೆ ಒಡೆದು ಬೇರೆ ಏನೋ ಆಗುತ್ತದೆ. ಸೀಸ ಮಾತ್ರ ಸೀಸವಾಗಿಯೇ ಇರುತ್ತದೆ. ನೀರು ಕುದಿಸಿದರೆ ನೀರು ಕಡಿಮೆಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೆ. ನನ್ನ ಮೂವತ್ತು ವರ್ಷಗಳ ಪ್ರಯೋಗಾಲಯದ ಕೆಲಸವೆಲ್ಲ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದು: ಇಲ್ಲಿದ್ದ ಲೋಹ ಈಗ ಎಲ್ಲಿ ಹೋಗಿ ಕೂತಿದೆ?

ನಿಮ್ಮ ಹೊಳೆಯನ್ನೇ ತೆಗೆದುಕೊಳ್ಳಿ. ಬಸವನಗುಡಿಯ ದೊಡ್ಡ ಬಸವನ ಪಾದದಡಿ ವೃಷಭಾವತಿ ಹುಟ್ಟುತ್ತದೆ ಎಂಬುದು ಪ್ರತೀತಿ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕದಲ್ಲಿ ಹರಿದು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಈ ದಾರಿಯಲ್ಲಿ ಊರಿನ ಕೊಳಚೆ ಇದರೊಳಗೆ ಬೀಳುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗದ ಕಾಲುವೆಗಳ ನೀರೂ ಬಂದು ಸೇರುತ್ತದೆ. ಎಲೆಕ್ಟ್ರೋಪ್ಲೇಟಿಂಗ್ ಅಂಗಡಿ ಎಂದರೆ ಕ್ರೋಮಿಯಂ, ನಿಕ್ಕಲ್, ಸತು. ಹಳೆ ಬ್ಯಾಟರಿ ಒಡೆಯುವ ಶೆಡ್ ಎಂದರೆ ಸೀಸ. ಹೊಳೆಯ ಮೇಲೆ ಕಾಣುವ ನೊರೆಗೂ ಇದಕ್ಕೂ ನೇರ ಸಂಬಂಧವಿಲ್ಲ. ನೊರೆ ನಮ್ಮ ನಿಮ್ಮ ಸೋಪಿನ ಪುಡಿಯದು. ಬೆಳ್ಳಂದೂರು ಕೆರೆಯ ನೊರೆಯೂ ಹಾಗೆಯೇ. 2017ರ ಫೆಬ್ರವರಿಯಲ್ಲಿ ಆ ಕೆರೆಗೆ ಬೆಂಕಿ ಹೊತ್ತಿದಾಗ ಪತ್ರಕರ್ತರು ನನ್ನ ಬಳಿ ಬಂದು ಲೋಹದಿಂದಲೇ ಹೀಗಾಯಿತೇ ಎಂದು ಕೇಳಿದ್ದರು. ಅಲ್ಲ ಎಂದೆ. ಅವರ ಮುಖ ಬಾಡಿತು. ಲೋಹ ಕಣ್ಣಿಗೆ ಕಾಣುವ ಯಾವ ಆಟವನ್ನೂ ಆಡುವುದಿಲ್ಲ, ಕೆಸರಿನಲ್ಲಿ ಇಳಿದು ಸುಮ್ಮನೆ ಕೂರುತ್ತದೆ.

ತೋಟಕ್ಕೆ ನೀರು ಹಾಯಿಸಿದಾಗ ಸೀಸ ಮಣ್ಣಿನ ಮೇಲ್ಪದರದಲ್ಲೇ ಅಂಟಿಕೊಳ್ಳುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡು, ಗೊಬ್ಬರದಿಂದ ಬಂದ ಸಾವಯವ ಅಂಶ, ಎರಡೂ ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಬೇರಿಗೆ ಬಂದರೂ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಹಾಗಾದರೆ ಸೊಪ್ಪಿನಲ್ಲಿ ಸಿಗುವ ಸೀಸ ಯಾವುದು? ಹೆಚ್ಚಿನದು ಎಲೆಯ ಮೇಲೆ ಕೂತ ಮಣ್ಣು ಮತ್ತು ರಸ್ತೆಯ ದೂಳು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಆದರೆ ಅದಕ್ಕೂ ಮೊದಲು ದಶಕಗಳ ಕಾಲ ಮೈಸೂರು ರಸ್ತೆಯಂಥ ಹೆದ್ದಾರಿಗಳ ಅಂಚಿನಲ್ಲಿ ಬಿದ್ದ ಸೀಸ ಎಲ್ಲಿಗೂ ಹೋಗಿಲ್ಲ. ನಿಮ್ಮ ತಳ್ಳುಗಾಡಿ ಅದೇ ದೂಳಿನಲ್ಲಿ ಉರುಳಿ ಬರುತ್ತದೆ. ಆದ್ದರಿಂದ ಸೊಪ್ಪಿನ ಬೇರು ಕತ್ತರಿಸಿ ಎಸೆದು, ಕಟ್ಟು ಬಿಚ್ಚಿ, ದೊಡ್ಡ ಪಾತ್ರೆಯ ನೀರಿನಲ್ಲಿ ಅಲುಗಾಡಿಸಿ, ನೀರು ಚೆಲ್ಲದೆ ಸೊಪ್ಪನ್ನೇ ಮೇಲೆತ್ತಿ. ಹೀಗೆ ಮೂರು ಸಲ. ತಳದಲ್ಲಿ ಮರಳು ಕಾಣದಾದಾಗ ಸಾಕು. ಪಾತ್ರೆ ಬಗ್ಗಿಸಿ ನೀರು ಬಸಿಯುವವರು ಕೆಳಗಿನ ಮಣ್ಣನ್ನು ಮತ್ತೆ ಎಲೆಯ ಮೇಲೆಯೇ ಸುರಿದುಕೊಳ್ಳುತ್ತಾರೆ.

ಕ್ಯಾಡ್ಮಿಯಂ ಬೇರೆಯೇ ಜಾತಿ. ರಸಾಯನಶಾಸ್ತ್ರದಲ್ಲಿ ಅದು ಸತುವಿನ ದಾಯಾದಿ. ಗಿಡಕ್ಕೆ ಸತು ಬೇಕು, ಅದಕ್ಕಾಗಿ ಬೇರಿನಲ್ಲಿ ಬಾಗಿಲುಗಳಿವೆ; ಕ್ಯಾಡ್ಮಿಯಂ ಆ ಬಾಗಿಲಿನಿಂದಲೇ ಒಳಗೆ ಬಂದು, ಕಾಂಡ ಹತ್ತಿ, ಎಲೆಯ ಜೀವಕೋಶದೊಳಗೆ ಸೇರಿಬಿಡುತ್ತದೆ. ಅದನ್ನು ತೊಳೆಯುವುದು ಹೇಗೆ? ಕುದಿಸಿ ನೀರು ಚೆಲ್ಲಿದರೆ ಸ್ವಲ್ಪ ಹೋಗಬಹುದು, ಆದರೆ ನಾವು ಬಸ್ಸಾರು ಮಾಡುವ ಜನ, ಬಸಿದ ನೀರೇ ನಮಗೆ ಮುಖ್ಯ. ಸೊಪ್ಪುಗಳಲ್ಲಿ ಪಾಲಕ್ ಇದನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಬೀನ್ಸ್, ಹೀರೆ, ಸೋರೆಗಳಂಥ ಕಾಯಿಗಳಲ್ಲಿ ಇದು ಎಲೆಗಿಂತ ಬಹಳ ಕಡಿಮೆ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಸಡಿಲವಾಗುತ್ತದೆ, ಸುಣ್ಣ ಹಾಕಿದರೆ ಬಿಗಿಯುತ್ತದೆ. ಇನ್ನೊಂದು ಮಾತು ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಹೊಳೆ ನೀರೇ ಕಾಣದ, ಶುದ್ಧ ಬೋರ್‌ವೆಲ್ ತೋಟದಲ್ಲೂ ಕ್ಯಾಡ್ಮಿಯಂ ಇರುತ್ತದೆ, ಏಕೆಂದರೆ ರಂಜಕದ ಗೊಬ್ಬರ ತಯಾರಿಸುವ ಬಂಡೆಯಲ್ಲೇ ಅದು ಬೆರೆತಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕವಿಲ್ಲದ ಭಯಕ್ಕೆ ನಾನು ಉತ್ತರ ಕೊಡಲಾರೆ. ಸೊಪ್ಪಿನಲ್ಲಿ ಕ್ಯಾಡ್ಮಿಯಂ ಕೆ.ಜಿ.ಗೆ 0.2 ಮಿ.ಗ್ರಾಂ, ಸೀಸ 0.3 ಮಿ.ಗ್ರಾಂ ಮೀರಬಾರದು ಎಂಬುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ. ನಿಮ್ಮ ಸೊಪ್ಪು ಸರಿಯಾಗಿ ಮಿತಿಯ ಅಂಚಿನಲ್ಲೇ ಇದೆ, ನೀವು ದಿನವೂ 100 ಗ್ರಾಂ ತಿನ್ನುತ್ತೀರಿ ಎಂದುಕೊಳ್ಳೋಣ. ದಿನಕ್ಕೆ 20 ಮೈಕ್ರೋಗ್ರಾಂ ಕ್ಯಾಡ್ಮಿಯಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2010ರಲ್ಲಿ ಹಾಕಿದ ಮಿತಿಯೆಂದರೆ ತಿಂಗಳಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 25 ಮೈಕ್ರೋಗ್ರಾಂ. 60 ಕೆ.ಜಿ. ತೂಗುವವರಿಗೆ ದಿನಕ್ಕೆ 50. ಅಂದರೆ ನೀವು ಅರ್ಧವನ್ನೂ ಮುಟ್ಟಿಲ್ಲ. ಆದರೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ವಾರಕ್ಕೆ ಕೆ.ಜಿ.ಗೆ 2.5 ಮೈಕ್ರೋಗ್ರಾಂ, ಆ ಲೆಕ್ಕದಲ್ಲಿ ದಿನಕ್ಕೆ ಸುಮಾರು 21, ನೀವು ಅಂಚಿಗೆ ಬಂದು ನಿಂತಿರಿ. ಜೊತೆಗೆ ಅಕ್ಕಿಯಿಂದ, ಗೋಧಿಯಿಂದ, ಬೀಡಿ ಸಿಗರೇಟು ಸೇದುವವರಾದರೆ ಹೊಗೆಯಿಂದ ಬರುವುದು ಬೇರೆ. ದೇಹಕ್ಕೆ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಕೂತರೆ ಅರ್ಧ ಕರಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಜಪಾನಿನ ಜಿನ್‌ಜು ನದಿಯ ಬಯಲಿನಲ್ಲಿ ಗಣಿಯ ನೀರಿನಿಂದ ಬೆಳೆದ ಅಕ್ಕಿ ತಿಂದವರ ಮೂಳೆಗಳು ಮುರಿದು 'ಇತಾಯ್-ಇತಾಯ್' ಎಂದು ನರಳಿದರು. 'ನೋವು, ನೋವು' ಎಂಬುದೇ ಆ ರೋಗದ ಹೆಸರಾಯಿತು. 1968ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಒಪ್ಪಿಕೊಂಡಿತು. ಅವರು ಮೂರು ಹೊತ್ತೂ ಅದೇ ಗದ್ದೆಯ ಅಕ್ಕಿ ಉಂಡವರು, ದಶಕಗಟ್ಟಲೆ. ಆದ್ದರಿಂದ ನನ್ನ ಸಲಹೆ ಸರಳ: ಒಂದೇ ತೋಟದ ಸೊಪ್ಪನ್ನು ಹದಿನೈದು ವರ್ಷ ತಿನ್ನಬೇಡಿ. ವಾರದಲ್ಲಿ ಎರಡು ದಿನ ಆ ಗಾಡಿ, ಎರಡು ದಿನ ಬೇರೆ ಕಡೆಯಿಂದ, ಉಳಿದ ದಿನ ಕಾಯಿಪಲ್ಯ.

ಪತ್ರಿಕೆಗಳಲ್ಲಿ "ಮಿತಿಗಿಂತ ಹತ್ತು ಪಟ್ಟು ಲೋಹ" ಎಂಬ ಶೀರ್ಷಿಕೆ ನೋಡಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಹಸಿ ತೂಕವೋ, ಒಣ ತೂಕವೋ? ಮಿತಿಗಳೆಲ್ಲ ಹಸಿ ಸೊಪ್ಪಿಗೆ. ಪ್ರಯೋಗಾಲಯದಲ್ಲಿ ನಾವು ಸೊಪ್ಪನ್ನು ಒಣಗಿಸಿ ಪುಡಿ ಮಾಡಿ ಅಳೆಯುತ್ತೇವೆ. ಪಾಲಕ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನೀರೇ. ಒಣಗಿದ ಪುಡಿಯ ಸಂಖ್ಯೆಯನ್ನು ಹಸಿಯ ಮಿತಿಯ ಪಕ್ಕ ಇಟ್ಟರೆ ಹತ್ತು ಪಟ್ಟು ತಾನಾಗಿಯೇ ಬಂದುಬಿಡುತ್ತದೆ. ಈ ತಪ್ಪು ಪ್ರಕಟಿತ ಪ್ರಬಂಧಗಳಲ್ಲೂ ಇದೆ. ಹಾಗೆಂದು ಎಲ್ಲ ವರದಿಗಳೂ ಸುಳ್ಳಲ್ಲ, ಕೊಳಚೆ ನೀರಿನ ತೋಟಗಳಲ್ಲಿ ನಿಜವಾಗಿಯೇ ಮಿತಿ ಮೀರಿದ ಸೊಪ್ಪನ್ನು ನಾನೇ ಅಳೆದಿದ್ದೇನೆ.

ಅಳತೆಯ ತಾಪತ್ರಯ ಹೇಳಿದರೆ ಮುಗಿಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಎಲ್ಲ ಮಾದರಿಗಳಲ್ಲೂ ಸತು ವಿಪರೀತ ಬರುತ್ತಿತ್ತು. ಕೆರೆ ನೀರಿನಲ್ಲಿ, ಬೋರ್ ನೀರಿನಲ್ಲಿ, ಕೊನೆಗೆ ಏನೂ ಬೆರೆಸದ ಶುದ್ಧ ನೀರಿನಲ್ಲೂ. ಎರಡು ತಿಂಗಳು ಊರಿನ ಕಾರ್ಖಾನೆಗಳನ್ನೆಲ್ಲ ಮನಸ್ಸಿನಲ್ಲೇ ಬೈದೆ. ಅಪರಾಧಿ ನನ್ನ ಕೈಯಲ್ಲಿದ್ದ ಪುಡಿ ಹಾಕಿದ ರಬ್ಬರ್ ಗ್ಲೌಸು. ಅಂದಿನಿಂದ ಪ್ರತಿ ಸಲವೂ ಖಾಲಿ ಮಾದರಿಯನ್ನು ಮೊದಲು ಅಳೆಯುತ್ತೇನೆ. ವಿದ್ಯಾರ್ಥಿಗಳು ಇದನ್ನು ಮೇಡಂ ಅವರ ಪೂಜೆ ಎಂದು ನಗುತ್ತಿದ್ದರು. ನೀರಿನ ಮಾದರಿ ತೆಗೆದ ಕೂಡಲೇ ಅದಕ್ಕೆ ಶುದ್ಧ ನೈಟ್ರಿಕ್ ಆಮ್ಲದ ಹನಿ ಬೀಳಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೇ ಅಂಟಿಕೊಂಡು ನೀರು ನಿರ್ದೋಷಿಯಾಗಿ ಹೊರಬರುತ್ತದೆ. ನೀವು ಪರೀಕ್ಷೆ ಮಾಡಿಸುವುದಾದರೆ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೇ ಹೋಗಿ, ಬಾಟಲಿಯನ್ನು ಅವರಿಂದಲೇ ತನ್ನಿ. ವರದಿಯಲ್ಲಿ 'ಬಿಡಿಎಲ್', ಅಂದರೆ ಉಪಕರಣಕ್ಕೆ ಕಾಣುವಷ್ಟು ಇಲ್ಲ, ಎಂದಿದ್ದರೆ ಸಂತೋಷಪಡುವ ಮೊದಲು ಅವರ ಉಪಕರಣ ಎಷ್ಟರವರೆಗೆ ಕಾಣಬಲ್ಲದು ಎಂದು ಕೇಳಿ. ನನ್ನ ನೆರೆಯವರೊಬ್ಬರು ತಂದು ತೋರಿಸಿದ ವರದಿಯಲ್ಲಿ ಸೀಸ 'ಬಿಡಿಎಲ್' ಎಂದಿತ್ತು. ಆ ಉಪಕರಣದ ಕೆಳಮಿತಿ ಲೀಟರಿಗೆ 0.05 ಮಿ.ಗ್ರಾಂ, ಕುಡಿಯುವ ನೀರಿನಲ್ಲಿ ನಮ್ಮ ದೇಶದ ಮಾನದಂಡ ಒಪ್ಪುವುದು 0.01. ಮಿತಿಯ ನಾಲ್ಕು ಪಟ್ಟು ಸೀಸವಿದ್ದರೂ ಆ ವರದಿ ಹಾಗೆಯೇ ಬರುತ್ತಿತ್ತು.

ಇನ್ನು ಆ ತೋಟದವರ ಮಾತು. ಬೈರಮಂಗಲದ ಸುತ್ತ ಮಣ್ಣಿನ ಮಾದರಿಗೆ ಹೋದಾಗ ಒಬ್ಬ ರೈತರು ನಮಗೆ ಎಳನೀರು ಕೆತ್ತಿ ಕೊಟ್ಟು, "ಕುಡಿಯುತ್ತೀರೋ, ಇದನ್ನೂ ಬಾಟಲಿಗೆ ಹಾಕುತ್ತೀರೋ?" ಎಂದು ಕೇಳಿದರು. ಕುಡಿದೆವು. ಆಮೇಲೆ ಅವರು, "ಬೇರೆ ಕಡೆ ಬೋರು ಬತ್ತಿದೆ, ನಮಗೆ ವರ್ಷವಿಡೀ ನೀರಿದೆ. ಇದು ನಿಮ್ಮೂರಿನವರೇ ಕಳಿಸಿದ ನೀರು ಮೇಡಂ" ಎಂದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅಲ್ಲಿ ಬೇಬಿಕಾರ್ನ್, ಹಿಪ್ಪುನೇರಳೆ, ಮೇವು ಬೆಳೆಯುವವರಿದ್ದಾರೆ. ಅಂಥ ನೀರಿಗೆ ಸೊಪ್ಪಿಗಿಂತ ಅವೇ ವಾಸಿ. ಮೇವಿನಿಂದ ಹಾಲಿಗೆ ದಾಟುವ ಕ್ಯಾಡ್ಮಿಯಂ ಬಹಳ ಕಡಿಮೆ, ಅದು ದನದ ಮೂತ್ರಪಿಂಡ, ಯಕೃತ್ತುಗಳಲ್ಲಿ ನಿಲ್ಲುತ್ತದೆ. ಕೊಟ್ಟಿಗೆ ಗೊಬ್ಬರ ಮತ್ತು ಸುಣ್ಣ ಹಾಕುವ ತೋಟದ ಸೊಪ್ಪು ಹಾಕದ ತೋಟದ್ದಕ್ಕಿಂತ ಮೇಲು. ಕೊಳಚೆ ಶುದ್ಧೀಕರಣ ಘಟಕದಿಂದ ಬರುವ ಕಪ್ಪು ಕೆಸರು ಮಾತ್ರ ಬೇಡ. ಘಟಕದೊಳಗೆ ಬಂದ ಲೋಹದ ಬಹುಪಾಲು ನೀರನ್ನು ಬಿಟ್ಟು ಆ ಕೆಸರಿಗೇ ಇಳಿದಿರುತ್ತದೆ. ನಿಮ್ಮ ತಾರಸಿಯ ಕುಂಡಗಳಿಗೆ ನಗರದ ಕಸದ ಕಾಂಪೋಸ್ಟ್ ಕೊಳ್ಳುವುದಿದ್ದರೆ ಚೀಲದ ಮೇಲಿನ ವಿಶ್ಲೇಷಣೆ ಓದಿ: ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅದರಲ್ಲಿ ಕೆ.ಜಿ.ಗೆ ಸೀಸ 100 ಮಿ.ಗ್ರಾಂ, ಕ್ಯಾಡ್ಮಿಯಂ 5 ಮಿ.ಗ್ರಾಂ ಮೀರುವಂತಿಲ್ಲ.

ಮೊಮ್ಮಗಳ ವಿಷಯದಲ್ಲಿ ನನಗೆ ಸೊಪ್ಪಿಗಿಂತ ಮನೆಯ ಮೇಲೆ ಹೆಚ್ಚು ಅನುಮಾನ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ ಚಿಕ್ಕ ಮಕ್ಕಳಲ್ಲಿ ಅರ್ಧದವರೆಗೂ ಸೇರುತ್ತದೆ. ಮಿದುಳು ಬೆಳೆಯುವ ವಯಸ್ಸು ಬೇರೆ. 2010ರಲ್ಲಿ ಅದೇ ಜಂಟಿ ಸಮಿತಿ ಸೀಸಕ್ಕೆ ತಾನು ಹಿಂದೆ ಹಾಕಿದ್ದ ಸುರಕ್ಷಿತ ಮಿತಿಯನ್ನೇ ಹಿಂತೆಗೆದುಕೊಂಡಿತು, ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಕಾಣಲಿಲ್ಲವೆಂದು. ಈ ವಿಷಯದಲ್ಲಿ ದೇಶಕ್ಕೇ ಎಚ್ಚರ ಹೇಳಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್. 1990ರ ದಶಕದ ಕೊನೆಯಲ್ಲಿ ನಡೆದ, ಹಲವು ನಗರಗಳ ಸಮೀಕ್ಷೆಯಲ್ಲಿ ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸ ಅಂದಿನ ಮಿತಿಯನ್ನು ಮೀರಿತ್ತು.

ನಿಮ್ಮ ಮನೆ ಹಳೆಯದೇ? ಕಿಟಕಿ, ಬಾಗಿಲು, ಗ್ರಿಲ್‌ಗಳ ಬಣ್ಣ ಚಕ್ಕೆ ಏಳುತ್ತಿದೆಯೇ? ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು, ಹಸಿರು ಎನಾಮಲ್ ಬಣ್ಣಗಳನ್ನು ಮರಳು ಕಾಗದದಿಂದ ಒಣಗಿದ್ದಾಗಲೇ ಉಜ್ಜಿಸಬೇಡಿ. ಆ ದೂಳು ನೆಲಕ್ಕೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ನೀರು ಚಿಮುಕಿಸಿ ಕೆರೆಯಲಿ, ಒದ್ದೆ ಬಟ್ಟೆಯಿಂದ ಒರೆಸಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತೀರಾದರೆ ಶುದ್ಧ ತವರವೇ ಬೇಕೆಂದು ಕೇಳಿ, ಅಗ್ಗದ ಕಲಾಯಿಗೆ ಸೀಸ ಬೆರೆಸುವುದುಂಟು. ಸಡಿಲವಾಗಿ ಮಾರುವ ಅರಿಶಿನ ಪುಡಿ ಅತಿಯಾಗಿ ಹೊಳೆಯುತ್ತಿದ್ದರೆ ಕೊಳ್ಳಬೇಡಿ. ಬಾಂಗ್ಲಾದೇಶದಲ್ಲಿ ಬಣ್ಣ ಏರಿಸಲು ಕೊಂಬಿಗೇ ಸೀಸದ ಕ್ರೋಮೇಟ್ ಹಚ್ಚುತ್ತಿದ್ದುದನ್ನು 2019ರಲ್ಲಿ ಸಂಶೋಧಕರು ಬಯಲಿಗೆಳೆದರು. ಲೋಹ ಹೋಗಲೆಂದು ಹಾಕಿದ ಅರಿಶಿನದಿಂದಲೇ ಲೋಹ ಬರುವ ಪಾಡು ನಿಮಗೆ ಬೇಡ. ನಮ್ಮ ಅಜ್ಜಿಯರು ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುತ್ತಿದ್ದ ಕುಂಕುಮದಲ್ಲಿ ಸೀಸವಿರಲಿಲ್ಲ. ಅಂಗಡಿಯ ಕೆಲವು ಕಿತ್ತಳೆಗೆಂಪು ಸಿಂಧೂರಗಳ ಬಣ್ಣ ಸೀಸದ ಆಕ್ಸೈಡಿನದು. ಬ್ಯಾಟರಿ, ಬೆಸುಗೆ, ಪೇಂಟಿಂಗ್ ಕೆಲಸ ಮಾಡುವವರು ಮನೆಯಲ್ಲಿದ್ದರೆ ಅವರು ಬಟ್ಟೆ ಬದಲಿಸಿ, ಕೈಕಾಲು ತೊಳೆದುಕೊಂಡೇ ಮಗುವನ್ನು ಎತ್ತಿಕೊಳ್ಳಲಿ.

ನಿಮಗೆ ನಿಜವಾಗಿ ಅನುಮಾನವಿದ್ದರೆ ಸೊಪ್ಪನ್ನು ಪರೀಕ್ಷಿಸುವ ಹಣದಲ್ಲಿ ಮಗುವಿನ ರಕ್ತದ ಸೀಸ ನೋಡಿಸಿ. ಎಲ್ಲ ದಾರಿಗಳಿಂದ ಬಂದದ್ದೂ ಅಲ್ಲಿ ಒಟ್ಟಿಗೆ ಕಾಣುತ್ತದೆ. ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ತೆಗೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಮಕ್ಕಳ ವೈದ್ಯರನ್ನು ಕೇಳದೆ 'ಲೋಹ ತೆಗೆಯುವ' ಔಷಧಿ ಕೊಡಿಸಬೇಡಿ, ಅಂಥವು ಕ್ಯಾಲ್ಸಿಯಂ, ಸತುಗಳನ್ನೂ ಎಳೆದುಕೊಂಡು ಹೋಗಬಲ್ಲವು. ಸೊಪ್ಪು ಬಿಡಬೇಡಿ ಎಂದದ್ದಕ್ಕೂ ಇದೇ ಕಾರಣ: ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿರುವ ದೇಹ ಸೀಸವನ್ನೂ ಕ್ಯಾಡ್ಮಿಯಮ್ಮನ್ನೂ ಹಸಿದವರಂತೆ ಹೀರಿಕೊಳ್ಳುತ್ತದೆ. ರಾಗಿ ಮುದ್ದೆ, ಮೇಲೆ ಚೆನ್ನಾಗಿ ತೊಳೆದ ಸೊಪ್ಪಿನ ಸಾರು, ನಿಂಬೆಹುಳಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ.

ಬೋರ್‌ವೆಲ್ ಬಗ್ಗೆ ಒಂದು ಮಾತು. ಕಾರ್ಖಾನೆಗಳ ಆಸುಪಾಸಿನ ಅಂತರ್ಜಲದಲ್ಲಿ ನಾನು ಹೆಚ್ಚು ಅಂಜುವುದು ಕ್ರೋಮಿಯಂಗೆ, ಅದರಲ್ಲೂ ಕ್ರೋಮಿಯಂ-6 ಎಂದು ಕರೆಯುವ ಆರನೇ ರೂಪಕ್ಕೆ. ಮೂರನೇ ರೂಪ ಮಣ್ಣಿಗೆ ಅಂಟಿಕೊಳ್ಳುತ್ತದೆ, ಆರನೆಯದು ನೀರಿನ ಜೊತೆ ಬಂಡೆಯ ಬಿರುಕುಗಳಲ್ಲಿ ಹರಿದಾಡುತ್ತದೆ. ಪೀಣ್ಯದ ಕೊಳವೆಬಾವಿಗಳಲ್ಲಿ ಇದು ಸಿಕ್ಕಿರುವುದು ಹೊಸ ಸುದ್ದಿಯೇನಲ್ಲ. ಹೆಚ್ಚಿದ್ದರೆ ನೀರು ತಿಳಿ ಹಳದಿಯಾಗಿ ಕಾಣುತ್ತದೆ, ಕಡಿಮೆಯಿದ್ದರೆ ಕಣ್ಣಿಗೆ ಬೀಳುವುದಿಲ್ಲ; ಪ್ರಯೋಗಾಲಯದಲ್ಲಿ ಒಂದು ಹನಿ ದ್ರಾವಣ ಹಾಕಿದರೆ ನೇರಳೆಗೆ ತಿರುಗುತ್ತದೆ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿ ಅದನ್ನು ಮೂರನೇ ರೂಪಕ್ಕೆ ಇಳಿಸುವುದು ಕಾರ್ಖಾನೆಯವರು ತಮ್ಮ ಅಂಗಳದೊಳಗೇ ಮಾಡಬೇಕಾದ ಕೆಲಸ. ಮನೆಯಲ್ಲಿ ಮಾಡುವಂಥದ್ದಲ್ಲ. ಕಾವೇರಿ ನೀರು ಬರುವ ಮನೆಯಾದರೆ ಕುಡಿಯಲು, ಅಡುಗೆಗೆ ಅದನ್ನೇ ಬಳಸಿ.

ಈಗ ಮೀಟರು. ಅದು ಲೋಹವನ್ನು ಅಳೆಯುವುದೇ ಇಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡಿ, ಒಂದು ಅಂದಾಜು ಗುಣಕದಿಂದ ಗುಣಿಸಿ, ಒಟ್ಟು ಲವಣವನ್ನು ಮಿ.ಗ್ರಾಂಗಳಲ್ಲಿ ತೋರಿಸುತ್ತದೆ. ನಿಮ್ಮ ನೀರಿನಲ್ಲಿ 300 ಎಂದು ಬಂದಿದ್ದರೆ ಅದು ಉಪ್ಪು, ಸುಣ್ಣದ ಅಂಶಗಳ ಲೆಕ್ಕ. ಮಿತಿಯ ಹತ್ತು ಪಟ್ಟು ಸೀಸ ಎಂದರೂ ಲೀಟರಿಗೆ 0.1 ಮಿ.ಗ್ರಾಂ, ಮೀಟರಿನ ಕೊನೆಯ ಅಂಕಿಯೂ ಅದಕ್ಕೆ ಕದಲುವುದಿಲ್ಲ. ಆದರೂ ಎಸೆಯಬೇಡಿ. ಮನೆಯಲ್ಲಿ ಆರ್‌ಒ ಯಂತ್ರವಿದ್ದರೆ ಅದರ ಪೊರೆ ಲೋಹಗಳನ್ನೂ ತಡೆಯುತ್ತದೆ, ಪೊರೆ ಸವೆದಾಗ ಲವಣ, ಲೋಹ ಎರಡೂ ನುಸುಳುತ್ತವೆ. ಒಳಹೋಗುವ ನೀರು 600, ಹೊರಬರುವುದು 40 ಇದ್ದದ್ದು ಒಂದು ದಿನ 150ಕ್ಕೆ ಏರಿದರೆ ಪೊರೆ ಬದಲಿಸುವ ಕಾಲ ಬಂದಿತೆಂದು ಮೀಟರು ಸರಿಯಾಗಿಯೇ ಹೇಳುತ್ತದೆ. ತಿಂಗಳ ಮೊದಲ ದಿನ ಎರಡೂ ಸಂಖ್ಯೆಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವ ಕೆಲಸವನ್ನು ಯಜಮಾನರಿಗೇ ವಹಿಸಿ.